ಎಲೆ ಬಿಳಿಯಾದರೆ ಸಾಲದು: ಮೈಕ್ರೋಸ್ಕೋಪ್‌ಗಾಗಿ ಎಲೆಯನ್ನು ಪಾರದರ್ಶಕ ಮಾಡುವ ಕ್ರಮ

ವಿಜ್ಞಾನ ಪ್ರದರ್ಶನದ ಸಮಯ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮಕ್ಕಳಿಂದ, ಟೀಚರ್‌ಗಳಿಂದ ನನಗೆ ಬರುವುದು ಒಂದೇ ಪ್ರಶ್ನೆ. "ಎಲೆಯನ್ನು ಸ್ಪಿರಿಟ್‌ನಲ್ಲಿ ಹಾಕಿದೆವು. ಹಸಿರೆಲ್ಲ ಹೋಗಿ ಬಿಳಿಯಾಯಿತು. ಮೈಕ್ರೋಸ್ಕೋಪ್‌ನಲ್ಲಿಟ್ಟರೆ ಮಾತ್ರ ಬರೀ ಕಪ್ಪು. ಎಲ್ಲಿ ತಪ್ಪಿತು?"

ತಪ್ಪಿದ್ದು ಏನೂ ಇಲ್ಲ, ಅರ್ಧ ಕೆಲಸ ಬಾಕಿ ಉಂಟು ಅಷ್ಟೆ. ಬಿಳಿಯಾಗುವುದು ಬೇರೆ, ಪಾರದರ್ಶಕ ಆಗುವುದು ಬೇರೆ. ಹಾಲೂ ಬಿಳಿಯೇ, ಅದರ ಆಚೆ ಏನಾದರೂ ಕಾಣುತ್ತದಾ?

ಎಲೆಯೊಳಗೆ ಬೆಳಕಿಗೆ ಎರಡು ತಡೆ ಇವೆ. ಒಂದು, ಹಸಿರು ಬಣ್ಣ ಮತ್ತು ಜೀವಕೋಶದೊಳಗಿನ ಸಾಮಾನು. ಇವು ಬೆಳಕನ್ನು ನುಂಗುತ್ತವೆ, ಇಲ್ಲವೇ ಅಡ್ಡ ನಿಲ್ಲುತ್ತವೆ. ಇನ್ನೊಂದು, ಕೋಶಗಳ ನಡುವೆ ತುಂಬಿಕೊಂಡ ಗಾಳಿ. ಕೋಶದ ಗೋಡೆಯಿಂದ ಗಾಳಿಗೆ, ಗಾಳಿಯಿಂದ ಮತ್ತೆ ಗೋಡೆಗೆ ದಾಟುವಾಗಲೆಲ್ಲ ಬೆಳಕು ಬಾಗಿ ಚದುರಿಹೋಗುತ್ತದೆ. ಬೆಳಕು ಎಷ್ಟು ಬಾಗುತ್ತದೆ ಎನ್ನುವುದಕ್ಕೆ ಒಂದು ಅಳತೆ ಉಂಟು, ಅದಕ್ಕೆ ವಕ್ರೀಭವನಾಂಕ ಎನ್ನುತ್ತಾರೆ. ಗಾಳಿಗೆ ಅದು 1, ನೀರಿಗೆ 1.33, ಗ್ಲಿಸರಿನ್‌ಗೆ 1.47. ಎಲೆಯ ಕೋಶದ ಗೋಡೆಗೆ 1.5ರ ಆಸುಪಾಸು. ಪಕ್ಕಪಕ್ಕದ ಎರಡು ವಸ್ತುಗಳ ಅಂಕ ಹತ್ತಿರ ಬಂದಷ್ಟೂ ಬೆಳಕು ಸೀದಾ ಹೋಗುತ್ತದೆ. ಗೋಳಿಬಜೆ ಕಟ್ಟಿಕೊಟ್ಟ ಪೇಪರ್ ನೆನಪು ಮಾಡಿಕೊಳ್ಳಿ. ಎಣ್ಣೆ ತಾಗಿದ ಜಾಗದಲ್ಲಿ ಆಚೆ ಬದಿಯ ಅಕ್ಷರ ಕಾಣುತ್ತದಲ್ಲ? ಕಾಗದದ ನಾರಿನ ನಡುವೆ ಇದ್ದ ಗಾಳಿಯ ಜಾಗಕ್ಕೆ ಎಣ್ಣೆ ಬಂತು, ಅಷ್ಟೇ ಆದದ್ದು. ಎಲೆಯಲ್ಲಿ ನಾವು ಮಾಡಬೇಕಾದ್ದೂ ಅದೇ. ಮೊದಲು ಒಳಗಿನದ್ದನ್ನು ತೆಗೆಯಬೇಕು, ಆಮೇಲೆ ಖಾಲಿಯಾದ ಜಾಗಕ್ಕೆ ಗ್ಲಿಸರಿನ್ ತುಂಬಬೇಕು.

ಯಾವ ಎಲೆಯಿಂದ ಶುರು ಮಾಡುವುದು?

ಮೊದಲ ಸಲಕ್ಕೆ ಮಾವು, ಹಲಸು, ಗೇರು ಬೇಡ. ಇವುಗಳಲ್ಲಿ ಒಗರಿನ ಅಂಶ ಜಾಸ್ತಿ, ದ್ರಾವಣ ಕಡು ಚಹಾದ ಹಾಗೆ ಆಗುತ್ತದೆ, ವಾರಗಟ್ಟಲೆ ಹಿಡಿಯುತ್ತದೆ. ದಾಸವಾಳ ಅಥವಾ ತಿಮರೆ (ಒಂದೆಲಗ) ತೆಗೆದುಕೊಳ್ಳಿ. ಇನ್ನೂ ಸುಲಭ ಬೇಕಾದರೆ ಮಳೆಗಾಲದಲ್ಲಿ ಕಂಪೌಂಡ್ ಗೋಡೆ ಮೇಲೆ ಬರುವ ಹಸಿರು ಪಾಚಿಗಿಡ ಉಂಟಲ್ಲ, ಅದರ ಪುಟ್ಟ ಎಲೆ ಹೆಚ್ಚಿನ ಕಡೆ ಒಂದೇ ಕೋಶದಷ್ಟು ದಪ್ಪ. ಕೇಪುಳದ (ಇಕ್ಸೋರಾ) ಹೂವಿನ ಎಸಳೂ ತೆಳು. ಇವೆರಡಕ್ಕೂ ಸ್ಪಿರಿಟ್ ಮತ್ತು ಗ್ಲಿಸರಿನ್ ಸಾಕು, ಕೆಳಗೆ ಹೇಳುವ ಕಾಸ್ಟಿಕ್ ಸೋಡಾ ಬೇಡ.

ನನ್ನ ಇಷ್ಟದ ಎಲೆ ಮಾತ್ರ ಕೆಸು. ಪತ್ರೊಡೆಗೆ ತಂದ ಎಲೆಯಲ್ಲಿ ಒಂದು ಚೂರು ತೆಗೆದಿಟ್ಟರೆ ಸಾಕು. ಗಂಟಲು ತುರಿಸುವುದು ಯಾಕೆಂದು ಕಣ್ಣಾರೆ ನೋಡಬಹುದು. ಸೂಜಿಯ ಕಟ್ಟುಗಳಂತೆ ಒತ್ತೊತ್ತಾಗಿ ಮಲಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅಲ್ಲಿ ಸಿಗುತ್ತವೆ. ಅವುಗಳ ಹೆಸರು ರಾಫೈಡ್. ಮುಳ್ಳುಮುಳ್ಳಾದ ಚೆಂಡಿನಂತಹ ಹರಳುಗಳೂ ಇರುತ್ತವೆ, ಅವು ಡ್ರೂಸ್. ಕಾಸ್ಟಿಕ್ ಸೋಡಾಕ್ಕೆ ಇವು ಕರಗುವುದಿಲ್ಲ. ಸುತ್ತಲಿನದ್ದೆಲ್ಲ ಹೋಗಿ ಹರಳು ಮಾತ್ರ ಉಳಿಯುತ್ತದೆ.

ಬೇಕಾಗುವ ಸಾಮಾನು

ಮೆಡಿಕಲ್ ಶಾಪ್‌ನಿಂದ ಸರ್ಜಿಕಲ್ ಸ್ಪಿರಿಟ್ ಅಥವಾ 70% ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಬಾಟಲಿ ಗ್ಲಿಸರಿನ್. ಸಾಬೂನು ಮಾಡುವವರು ಬಳಸುವ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್. ಬಿಳಿ ಬಟ್ಟೆಗೆ ಹಾಕುವ ದ್ರವ ಬ್ಲೀಚ್. ಸ್ಲೈಡ್, ಅದರ ಮೇಲೆ ಮುಚ್ಚುವ ತೆಳು ಗಾಜಿನ ಚೂರಾದ ಕವರ್ ಸ್ಲಿಪ್ ಮತ್ತು ಸಫ್ರನಿನ್ ಎಂಬ ಕೆಂಪು ಬಣ್ಣ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಜೊತೆಗೆ ಬಣ್ಣವಿಲ್ಲದ ನೈಲ್ ಪಾಲಿಶ್, ಪ್ಲಾಸ್ಟಿಕ್ ಚಹಾ ಸೋಸಣಿಗೆ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ.

ಚರಂಡಿ ಶುಚಿ ಮಾಡುವ ಪುಡಿಯಲ್ಲೂ ಇದೇ ಸೋಡಾ ಇರುತ್ತದಲ್ವಾ ಎಂದು ಕೆಲವರು ಕೇಳುತ್ತಾರೆ. ಇರುತ್ತದೆ, ಆದರೆ ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತದೆ. ನೀರು ತಾಗಿದರೆ ನೊರೆಯೆದ್ದು ಉಕ್ಕುತ್ತದೆ. ಅದು ಬೇಡ.

ಪಾತ್ರೆಯ ವಿಷಯದಲ್ಲೂ ಹುಷಾರು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಪಾತ್ರೆಯನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಜಿನ ಬಾಟಲಿಗೆ ಗಾಜಿನ ಮುಚ್ಚಳ ಹಾಕಿಟ್ಟರೆ ಕೆಲವು ದಿನಕ್ಕೆ ಕಚ್ಚಿಕೊಂಡು ಬಿಡುತ್ತದೆ. ನೀರಿನ ಬಾಟಲಿಯ ತೆಳು ಪ್ಲಾಸ್ಟಿಕ್ ಕೂಡ ಇದಕ್ಕೆ ತಾಳುವುದಿಲ್ಲ. ಹೋಟೆಲಿನವರು ಸಾಂಬಾರು ಕಟ್ಟಿಕೊಡುವ, ತಳದಲ್ಲಿ ತ್ರಿಕೋನದೊಳಗೆ 5 ಎಂದು ಬರೆದ ಡಬ್ಬ ಒಳ್ಳೆಯದು. ಅದು ಪಾಲಿಪ್ರೊಪಿಲೀನ್. ಆ ಡಬ್ಬ ಮತ್ತೆ ಅಡುಗೆಮನೆಗೆ ಹೋಗಬಾರದು, ಮುಚ್ಚಳದ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದುಬಿಡಿ.

1. ಕತ್ತರಿಸುವುದು, ಗುರುತು ಮಾಡುವುದು

ಎಲೆಯಿಂದ ಸುಮಾರು 1 ಸೆಂ.ಮೀ. ಚೌಕದ ತುಂಡು ಕತ್ತರಿಸಿ. ನಡುವಿನ ದಪ್ಪ ನರ ಬಿಟ್ಟುಬಿಡಿ, ಅದಿದ್ದರೆ ಕವರ್ ಸ್ಲಿಪ್ ಸಮತಟ್ಟಾಗಿ ಕೂರುವುದಿಲ್ಲ. ನಾಲ್ಕೂ ಬದಿ ಕತ್ತರಿಸಿದ ಅಂಚೇ ಆಗಿದ್ದರೆ ಒಳ್ಳೆಯದು, ದ್ರಾವಣ ಒಳಗೆ ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ.

ಈಗಲೇ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ. ಎಲೆಯ ಮೇಲ್ಬದಿ ನಿಮಗೆ ಕಾಣುವಂತೆ ಇಟ್ಟಾಗ ಆ ಮೂಲೆ ಬಲ ಮೇಲ್ತುದಿಯಲ್ಲಿ ಬರಬೇಕು ಎಂದು ಲೆಕ್ಕ ಇಟ್ಟುಕೊಳ್ಳಿ. ಪಾರದರ್ಶಕ ಆದ ಮೇಲೆ ಮೇಲೆ ಯಾವುದು, ಅಡಿ ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಪತ್ರರಂಧ್ರಗಳು, ಅಂದರೆ ಎಲೆ ಉಸಿರಾಡುವ ಸಣ್ಣ ಬಾಯಿಗಳು, ಹೆಚ್ಚಿನ ಎಲೆಗಳಲ್ಲಿ ಅಡಿಬದಿಯಲ್ಲೇ ಜಾಸ್ತಿ. ಅವನ್ನು ನೋಡಬೇಕಾದರೆ ಈ ಗುರುತು ಬೇಕೇ ಬೇಕು.

ಒಣಗಿದ ಎಲೆಯೂ ಆಗುತ್ತದೆ. ಬಿಸಿನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರಾತ್ರಿಯಿಡೀ ನೆನೆಸಿ. ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ಕಡೆ ಸ್ವರ್ಣಾ ನದಿ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಎಲೆ ಬೇಕೆಂದರೆ ಕೆಳಗೆ ಬಿದ್ದದ್ದನ್ನೇ ಹೆಕ್ಕಿಕೊಳ್ಳಿ, ಗೆಲ್ಲು ಮುರಿಯಬೇಡಿ.

2. ಹಸಿರು ತೆಗೆಯುವುದು

ತುಂಡನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ. ಆಮೇಲೆ ಸ್ಪಿರಿಟ್‌ಗೆ ಹಾಕಿ. ಹೈಸ್ಕೂಲಿನಲ್ಲಿ ಪಿಷ್ಟದ ಪರೀಕ್ಷೆಗೆ ಮಾಡಿದ್ದು ಇದನ್ನೇ. ಅವಸರ ಇಲ್ಲದಿದ್ದರೆ ಒಂದೆರಡು ದಿನ ಹಾಗೇ ಮುಚ್ಚಿಡಿ, ಸ್ಪಿರಿಟ್ ಕಡು ಹಸಿರಾದರೆ ಬದಲಿಸಿ. ಬೇಗ ಆಗಬೇಕೆಂದರೆ ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್‌ನ ಸಣ್ಣ ಲೋಟ ಇಡಿ. ಒಲೆಯನ್ನು ಮೊದಲೇ ಆರಿಸಿರಬೇಕು. ಸ್ಪಿರಿಟ್ ಆವಿಗೆ ಬೆಂಕಿ ಹಿಡಿದರೆ ಜ್ವಾಲೆ ಹಗಲು ಬೆಳಕಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಈ ಹಂತ ಬಿಟ್ಟು ನೇರ ಸೋಡಾಕ್ಕೆ ಹಾಕುವವರಿದ್ದಾರೆ. ಮಾಡಬೇಡಿ. ಒಗರಿನ ಅಂಶ ಸೋಡಾದಲ್ಲಿ ಕಂದಾಗಿ ಎಲೆಗೇ ಹಿಡಿದುಕೊಳ್ಳುತ್ತದೆ. ಸ್ಪಿರಿಟ್‌ನಲ್ಲಿ ಅದರ ಒಂದು ಪಾಲು ಮೊದಲೇ ಹೋಗಿರುತ್ತದೆ.

3. ಒಳಗಿನದ್ದನ್ನು ಕರಗಿಸುವುದು

ಇದೇ ಮುಖ್ಯ ಹಂತ. ಕೈಗವಸು, ಕನ್ನಡಕ ಹಾಕಿಕೊಂಡು 5% ದ್ರಾವಣ ಮಾಡಿ. ಮೊದಲು ಸುಮಾರು 80 ಮಿ.ಲೀ. ತಣ್ಣೀರು ತೆಗೆದುಕೊಂಡು, ಅದಕ್ಕೆ 5 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಕರಗಿದ ಮೇಲೆ ನೀರು ಸೇರಿಸಿ 100 ಮಿ.ಲೀ. ಮಾಡಿ. ಸೋಡಾದ ಮೇಲೆ ನೀರು ಹೊಯ್ಯಬೇಡಿ, ತಟ್ಟನೆ ಬಿಸಿಯಾಗಿ ಮುಖಕ್ಕೆ ಸಿಡಿಯಬಹುದು. ಕಣ್ಣಿಗೆ ಹಾರಿದರೆ ಕೂಡಲೇ ನಳ್ಳಿ ಕೆಳಗೆ ಕಡಿಮೆಯೆಂದರೆ 15 ನಿಮಿಷ ತೊಳೆದು ಡಾಕ್ಟರ್ ಹತ್ತಿರ ಓಡಿ. ಮಕ್ಕಳು ಮಾಡುವುದಾದರೆ ಈ ಒಂದು ಹಂತವನ್ನು ದೊಡ್ಡವರು ಮಾಡಿಕೊಡಬೇಕು.

ನಮ್ಮ ಊರಿನದ್ದೇ ಒಂದು ತೊಂದರೆ: ಕಾಸ್ಟಿಕ್ ಸೋಡಾ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ಸಂಜೆಯೊಳಗೆ ಅಂಟಂಟು. ಅದನ್ನು ತೂಗಿದರೆ ನೀರನ್ನೂ ಸೇರಿಸಿ ತೂಗಿದ ಹಾಗೆ, ದ್ರಾವಣ ಸಪ್ಪೆಯಾಗುತ್ತದೆ. ಬಿಚ್ಚಿದ ದಿನವೇ ಬೇಕಾದಷ್ಟು ದ್ರಾವಣ ಮಾಡಿಟ್ಟುಬಿಡಿ.

ಸ್ಪಿರಿಟ್‌ನಿಂದ ತೆಗೆದ ತುಂಡನ್ನು ನೀರಲ್ಲಿ ತೊಳೆದು ದ್ರಾವಣದಲ್ಲಿ ಮುಳುಗಿಸಿ, ಮುಚ್ಚಳ ಹಾಕಿ. ದ್ರಾವಣ ಕಂದಾದಾಗಲೆಲ್ಲ ಬದಲಿಸಿ. ದಾಸವಾಳದಂತಹ ತೆಳು ಎಲೆಗೆ ಒಂದೆರಡು ದಿನ ಸಾಕಾಗಬಹುದು. ಮಾವು, ಗೇರು, ಕಾಂಡ್ಲಾದಂತಹ ದಪ್ಪ ಎಲೆಗೆ ಒಂದೆರಡು ವಾರ. ಒಲೆ ಮೇಲೆ ಇಟ್ಟು ಕಾಯಿಸುವುದು ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಾದರೆ ಹಪ್ಪಳ ಒಣಗಿಸುವ ಬಿಸಿಲಿದೆ. ಮುಚ್ಚಿದ ಡಬ್ಬವನ್ನು ಮಕ್ಕಳ ಕೈಗೆ, ಬೆಕ್ಕಿನ ಬಾಲಕ್ಕೆ ಸಿಗದ ಕಡೆ ಬಿಸಿಲಿಗಿಟ್ಟರೆ ಕೆಲಸ ಬೇಗ ಆಗುತ್ತದೆ.

ಸೋಡಾ ಜಾಸ್ತಿ ಹಾಕಿದರೆ ಬೇಗ ಆಗಲಿಕ್ಕಿಲ್ವಾ? ನಾನೂ ಹಾಗೇ ಯೋಚಿಸಿ ಒಮ್ಮೆ 20% ಮಾಡಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಗಂಜಿ. ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕೂಡ ಸೋಡಾಕ್ಕೆ ಕರಗುತ್ತದೆ. ಅತಿಯಾದರೆ ಉಳಿಯುವುದು ನರದ ಬಲೆ ಮಾತ್ರ. ಅಶ್ವತ್ಥದ ಎಲೆಯಲ್ಲಿ ಚಿತ್ರ ಬರೆಯಲು ಬಲೆ ಬೇಕೆನ್ನುವವರಿಗೆ ಅದು ಸರಿ, ಕೋಶ ನೋಡಬೇಕಾದ ನಮಗಲ್ಲ.

ಸಾಕಾಯಿತು ಎಂದು ತಿಳಿಯುವುದು ಹೇಗೆ? ಅಕ್ಷರ ಇರುವ ಕಾಗದದ ಮೇಲೆ ಗಾಜಿನ ತಟ್ಟೆ ಇಟ್ಟು, ನೀರು ಹಾಕಿ, ತುಂಡನ್ನು ಅದರಲ್ಲಿ ತೇಲಿಸಿ. ತುಂಡಿನ ಕೆಳಗಿನ ಅಕ್ಷರ ಓದಲು ಬಂದರೆ ಮುಂದಿನ ಹಂತಕ್ಕೆ ಹೋಗಬಹುದು.

ಇಲ್ಲಿಂದ ಮುಂದೆ ತುಂಡು ಒದ್ದೆ ಟಿಶ್ಯೂ ಪೇಪರಿನಷ್ಟು ಮೆತ್ತಗೆ. ಚಿಮಟದಲ್ಲಿ ಹಿಡಿದರೆ ಹರಿಯುತ್ತದೆ. ದ್ರಾವಣ ಬದಲಿಸಲು ಚಹಾ ಸೋಸಣಿಗೆ ಬಳಸಿ, ಎತ್ತಲು ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ.

4. ಉಳಿದ ಕಂದು ತೆಗೆಯುವುದು

ತುಂಡನ್ನು ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆಯಿರಿ. ಕಂದು ಇಲ್ಲದಿದ್ದರೆ ಈ ಹಂತ ಬಿಟ್ಟುಬಿಡಿ. ಇದ್ದರೆ ಒಂದು ಪಾಲು ಬ್ಲೀಚ್‌ಗೆ ಎರಡು ಪಾಲು ನೀರು ಸೇರಿಸಿ ಅದರಲ್ಲಿ ಹಾಕಿ, ಪಕ್ಕದಲ್ಲೇ ಕೂತು ನೋಡುತ್ತಿರಿ. ನಿಮಿಷಗಳ ಕೆಲಸ ಇದು. ಫೋನ್ ಬಂತೆಂದು ಎದ್ದು ಹೋದರೆ ಎಲೆ ಇಲ್ಲ. ಬಿಳಿಯಾದ ಕೂಡಲೇ ತೆಗೆದು ಮತ್ತೆ ನಾಲ್ಕೈದು ಸಲ ತೊಳೆಯಿರಿ. ಬ್ಲೀಚ್ ಸ್ವಲ್ಪ ಉಳಿದರೂ ಮುಂದೆ ಹಾಕುವ ಬಣ್ಣವನ್ನು ತಿಂದುಹಾಕುತ್ತದೆ. "ಸಫ್ರನಿನ್ ಹಿಡಿಯುವುದೇ ಇಲ್ಲ" ಎನ್ನುವ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ ಎಂದು ನನ್ನ ಅಂದಾಜು.

ಬ್ಲೀಚ್‌ಗೆ ವಿನಿಗರ್ ಅಥವಾ ಬೇರೆ ಯಾವುದೇ ಆಮ್ಲ ತಾಗಬಾರದು, ಕ್ಲೋರಿನ್ ಅನಿಲ ಬರುತ್ತದೆ. ಸ್ಪಿರಿಟ್ ಜೊತೆಗೂ ಬೆರೆಸಬಾರದು. ಎರಡರ ನಡುವೆ ನೀರಲ್ಲಿ ತೊಳೆಯುವುದನ್ನು ತಪ್ಪಿಸಬೇಡಿ. ಕಿಟಕಿ ತೆರೆದಿರಲಿ.

5. ಗಾಳಿ ಓಡಿಸುವುದು

ಇಷ್ಟಾದ ಮೇಲೂ ತುಂಡಿನಲ್ಲಿ ಬೆಳ್ಳಿಯಂತೆ ಹೊಳೆಯುವ ಚುಕ್ಕೆ ಕಂಡರೆ ಅದು ಸಿಕ್ಕಿಕೊಂಡ ಗಾಳಿ. ಮೈಕ್ರೋಸ್ಕೋಪ್‌ನಲ್ಲಿ ಅದೇ ಕಪ್ಪು ಮಚ್ಚೆ. ಸೂಜಿ ಇಲ್ಲದ 20 ಮಿ.ಲೀ. ಸಿರಿಂಜ್‌ಗೆ ಅರ್ಧ ನೀರು ತುಂಬಿ, ತುಂಡನ್ನು ಒಳಗೆ ಬಿಡಿ. ಒಳಗಿನ ಗಾಳಿಯನ್ನು ಹೊರಗೆ ತಳ್ಳಿ, ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ದಂಡವನ್ನು ಹಿಂದಕ್ಕೆ ಎಳೆಯಿರಿ. ಗುಳ್ಳೆಗಳು ಎದ್ದು ಬರುತ್ತವೆ. ನಿಧಾನ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ತುಂಡು ತಳಕ್ಕೆ ಮುಳುಗುತ್ತದೆ. ಕುದಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಕರಗಿದ ಗಾಳಿ ಕಡಿಮೆ.

6. ಬಣ್ಣ ಕೊಡುವುದು

ಹರಳು ಮಾತ್ರ ನೋಡಬೇಕಾದರೆ ಬಣ್ಣ ಬೇಡ. ನರದ ವಿನ್ಯಾಸ ಬೇಕಾದರೆ ಸಫ್ರನಿನ್ ಹಾಕಿ. ನೀರು ಸಾಗಿಸುವ ನಾಳಗಳ ಗೋಡೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುತ್ತದೆ, ಸಫ್ರನಿನ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಅರ್ಧ ಸ್ಪಿರಿಟ್, ಅರ್ಧ ನೀರಿನ ಮಿಶ್ರಣದಲ್ಲಿ 1% ಸಫ್ರನಿನ್ ಮಾಡಿ, ತುಂಡನ್ನು ಐದರಿಂದ ಹದಿನೈದು ನಿಮಿಷ ಇಡಿ. ತೆಗೆದಾಗ ಇಡೀ ತುಂಡು ಕುಂಕುಮದ ಹಾಗೆ ಕಂಡರೆ ಗಾಬರಿಯಾಗಬೇಡಿ. ಬಣ್ಣವಿಲ್ಲದ ಅದೇ ಸ್ಪಿರಿಟ್ ಮಿಶ್ರಣದಲ್ಲಿ ಆಡಿಸುತ್ತಾ ಹೋದರೆ ನಡುವಿನ ಜಾಗದ ಕೆಂಪು ಮೊದಲು ಬಿಡುತ್ತದೆ, ನರದ್ದು ಉಳಿಯುತ್ತದೆ. ಆ ಹೊತ್ತಿಗೆ ನಿಲ್ಲಿಸಿ.

7. ಗ್ಲಿಸರಿನ್ ತುಂಬಿ ಸ್ಲೈಡ್ ಮಾಡುವುದು

ನೀರಿನಿಂದ ನೇರ ಶುದ್ಧ ಗ್ಲಿಸರಿನ್‌ಗೆ ಹಾಕಿದರೆ ತುಂಡು ಉಪ್ಪಿನಕಾಯಿ ಮಿಡಿಯಂತೆ ಮುರುಟುತ್ತದೆ. ಒಳಗಿನ ನೀರು ಹೊರಗೆ ಓಡುವಷ್ಟು ಬೇಗ ಗ್ಲಿಸರಿನ್ ಒಳಗೆ ಹೋಗುವುದಿಲ್ಲ. ಮೊದಲು 10%, ಆಮೇಲೆ 25%, ಆಮೇಲೆ 50%, ಒಂದೊಂದರಲ್ಲೂ ಅರ್ಧ ಗಂಟೆ. ಕೊನೆಗೆ ಶುದ್ಧ ಗ್ಲಿಸರಿನ್‌ನಲ್ಲಿ ಕೆಲವು ಗಂಟೆ. 50% ದ್ರಾವಣವನ್ನು ತೆರೆದಿಟ್ಟರೆ ನೀರು ತಾನಾಗಿ ಆರಿ ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ನಮ್ಮ ಕರಾವಳಿಯ ತೇವಕ್ಕೆ ಅದನ್ನು ನಂಬಬೇಡಿ. ಮಳೆಗಾಲದಲ್ಲಿ ಗ್ಲಿಸರಿನ್ ಗಾಳಿಯಿಂದಲೇ ನೀರು ಕುಡಿಯುತ್ತದೆ.

ಸ್ಲೈಡ್ ಮೇಲೆ ಒಂದು ಹನಿ ಗ್ಲಿಸರಿನ್, ಅದರ ಮೇಲೆ ತುಂಡು. ಓರೆ ಮೂಲೆ ನೋಡಿ ಅಡಿಬದಿ ಮೇಲೆ ಬರುವಂತೆ ಇಡಿ. ಕವರ್ ಸ್ಲಿಪ್‌ನ ಒಂದು ಅಂಚನ್ನು ಹನಿಗೆ ತಾಗಿಸಿ, ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಿ. ಹೊರಗೆ ಬಂದ ಗ್ಲಿಸರಿನ್ ಅನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಪೂರ್ತಿ ಒರೆಸಿ, ಆಮೇಲೆ ನೈಲ್ ಪಾಲಿಶ್ ಹಚ್ಚಿ. ಗ್ಲಿಸರಿನ್ ಮೇಲೆ ನೈಲ್ ಪಾಲಿಶ್ ಕೂರುವುದಿಲ್ಲ.

ನೋಡುವಾಗ

ಎಷ್ಟೋ ಜನ ಇಲ್ಲಿ ಬಂದು ಸೋಲುತ್ತಾರೆ. ಎಲ್ಲ ಸರಿ ಮಾಡಿ, ಬೆಳಕು ಪೂರ್ತಿ ಹಾಕಿ ನೋಡಿದರೆ ಏನೂ ಕಾಣುವುದಿಲ್ಲ, ಸ್ಲೈಡ್ ಖಾಲಿ! ಖಾಲಿಯಲ್ಲ, ಎಲೆ ಅಷ್ಟು ಪಾರದರ್ಶಕವಾಗಿದೆ. ವೇದಿಕೆಯ ಕೆಳಗೆ ಬೆಳಕಿನ ಕಿಂಡಿಯನ್ನು ಸಣ್ಣ, ದೊಡ್ಡ ಮಾಡುವ ಒಂದು ಹಿಡಿ ಇರುತ್ತದೆ, ಅದಕ್ಕೆ ಡಯಾಫ್ರಮ್ ಎನ್ನುತ್ತಾರೆ. ಅದನ್ನು ಕಿರಿದು ಮಾಡುತ್ತಾ ಬನ್ನಿ. ಕೋಶದ ಗೋಡೆಗಳು ಒಂದೊಂದಾಗಿ ಎದ್ದು ಬರುತ್ತವೆ. 4 ಪಟ್ಟಿನ ಮಸೂರದಿಂದ ಶುರು ಮಾಡಿ, ಆಮೇಲೆ 10, ಕೊನೆಗೆ 40. ಫೋಲ್ಡ್‌ಸ್ಕೋಪ್ ಎಂಬ ಕಾಗದದ ಮೈಕ್ರೋಸ್ಕೋಪ್ ಇರುವವರಿಗೂ ಇದೇ ಸ್ಲೈಡ್ ಆಗುತ್ತದೆ, ಅದು ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಕೆಸುವಿನ ಸ್ಲೈಡ್ ಇದ್ದರೆ ಒಂದು ಮೋಜು ಮಾಡಿ. ಹಾಳಾದ ಕ್ಯಾಲ್ಕುಲೇಟರ್ ಪರದೆಯ ಮೇಲೆ ಧ್ರುವಕ ಹಾಳೆ ಅಂಟಿಸಿರುತ್ತಾರೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ ಅದು. ಒಂದು ಚೂರನ್ನು ಸ್ಲೈಡ್‌ನ ಅಡಿಗೆ, ಇನ್ನೊಂದನ್ನು ಕಣ್ಣಿನ ಮಸೂರದ ಮೇಲೆ ಇಡಿ. ಮೇಲಿನದ್ದನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಹರಳುಗಳು ದೀಪಾವಳಿಯ ಸುರುಸುರು ಕಡ್ಡಿಯಂತೆ ಹೊಳೆಯುತ್ತವೆ. ದೇವಸ್ಥಾನದ ಕೆರೆಯ ನೈದಿಲೆ ಎಲೆಯಲ್ಲಿ ನಕ್ಷತ್ರದಾಕಾರದ ಗಟ್ಟಿ ಕೋಶಗಳಿವೆ, ಅವುಗಳ ಗೋಡೆಯಲ್ಲೂ ಪುಟ್ಟ ಹರಳುಗಳು ಹುದುಗಿರುತ್ತವೆ. ಅದನ್ನೂ ಹೀಗೆ ನೋಡಿ.

ಗೋಳಿ (ಆಲ) ಮರದ ಎಲೆಯ ಹರಳು ಬೇರೆ ಜಾತಿ. ದ್ರಾಕ್ಷಿ ಗೊಂಚಲಿನಂತೆ ನೇತಾಡುವ ಅದರಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ವಿನಿಗರ್ ತಾಗಿದರೆ ಗುಳ್ಳೆ ಬಿಡುತ್ತಾ ಕರಗುತ್ತದೆ. ಕೆಸುವಿನದ್ದು ಕರಗುವುದಿಲ್ಲ. ಪ್ರದರ್ಶನದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯದು ಬೇಡ. ಬ್ಲೀಚ್ ಪೂರ್ತಿ ತೊಳೆದ ತುಂಡನ್ನೇ ಬಳಸಬೇಕು ಅಷ್ಟೆ.

ಕಾಲೇಜಿನವರಿಗೆ ಒಂದು ಮಾತು

ಫಾರ್ಮಸಿ, ಆಯುರ್ವೇದ, ಬಾಟನಿ ಲ್ಯಾಬ್‌ಗಳಲ್ಲಿ ಕ್ಲೋರಲ್ ಹೈಡ್ರೇಟ್ ಬಳಸುತ್ತಾರೆ. 8 ಗ್ರಾಂ ಕ್ಲೋರಲ್ ಹೈಡ್ರೇಟ್, 1 ಮಿ.ಲೀ. ಗ್ಲಿಸರಿನ್, 2 ಮಿ.ಲೀ. ನೀರು ಎನ್ನುವುದು ಹೆಸರಾದ ಅಳತೆ. ಕೋಶದೊಳಗಿನದ್ದನ್ನು ತಿಳಿಗೊಳಿಸುವುದು, ಗಾಳಿಯ ಜಾಗ ತುಂಬುವುದು ಎರಡನ್ನೂ ಅದೊಂದೇ ಮಾಡುತ್ತದೆ. ಆದರೆ ಅದು ಮಂಪರು ಬರಿಸುವ ಔಷಧಿ, ಮನೆಗೆ ತರುವ ವಸ್ತುವಲ್ಲ. ಹೊಳೆಯುವ ಪ್ರೋಟೀನ್ ಸೇರಿಸಿದ ಗಿಡಗಳಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಹೇಳಿದ ಯಾವುದೂ ಆಗದು, ಹೊಳಪೇ ಸತ್ತುಹೋಗುತ್ತದೆ. ಅವರಿಗೆ ಜಪಾನಿನಲ್ಲಿ ರೂಪಿಸಿ 2015ರಲ್ಲಿ ಪ್ರಕಟಿಸಿದ ಕ್ಲಿಯರ್‌ಸೀ ಉಂಟು. 10% ಕ್ಸೈಲಿಟಾಲ್, 15% ಸೋಡಿಯಂ ಡಿಆಕ್ಸಿಕೋಲೇಟ್, 25% ಯೂರಿಯಾ ಸೇರಿದ ನೀರು ಅದು.

ಉಳಿದ ದ್ರಾವಣ, ಮುಗಿದ ಸ್ಲೈಡ್

ಬಳಸಿದ ಸೋಡಾ ದ್ರಾವಣವನ್ನು ತೆಂಗಿನ ಬುಡಕ್ಕೆ, ಬಾವಿಕಟ್ಟೆಯ ಹತ್ತಿರ ಸುರಿಯಬೇಡಿ. 100 ಮಿ.ಲೀ.ಗೆ ಸುಮಾರು 200 ಮಿ.ಲೀ. ವಿನಿಗರ್ ನಿಧಾನವಾಗಿ ಸೇರಿಸಿ, ಆಮೇಲೆ ಬಕೆಟ್ ತುಂಬ ನೀರು ಬೆರೆಸಿ ಟಾಯ್ಲೆಟ್‌ಗೆ ಹಾಕಿ. ಇದರಲ್ಲಿ ಬ್ಲೀಚ್ ಸೇರಿರಬಾರದು. ಬ್ಲೀಚನ್ನು ಬೇರೆಯಾಗಿ, ಬರೀ ನೀರು ಬೆರೆಸಿ, ಬೇರೆ ಹೊತ್ತಿಗೆ ಚೆಲ್ಲಿ. ಹಸಿರಾದ ಸ್ಪಿರಿಟ್ ಮುಚ್ಚಿಡಿ, ಮುಂದಿನ ಎಲೆಯ ಮೊದಲ ಸ್ನಾನಕ್ಕೆ ಆಗುತ್ತದೆ.

ಸ್ಲೈಡ್ ಮೇಲೆ ಗಿಡದ ಹೆಸರು, ಊರು, ತಾರೀಕು ಬರೆಯಿರಿ. ನಿಲ್ಲಿಸಿಡದೆ ಮಲಗಿಸಿಡಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಅದೇ ಡಬ್ಬದಲ್ಲಿ ಮೈಕ್ರೋಸ್ಕೋಪ್‌ನ ಮಸೂರಗಳನ್ನೂ ಇಡಬಹುದು. ಇಲ್ಲಿ ಒಂದು ಮಳೆಗಾಲ ಹೊರಗೆ ಬಿಟ್ಟರೆ ಮಸೂರಕ್ಕೂ ಬೂಸ್ಟು ಹಿಡಿಯುತ್ತದೆ. ಜೆಲ್ ಬಣ್ಣ ಬದಲಾದರೆ ಸ್ಟೀಲ್ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮೊದಲಿನ ಹಾಗೆ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಸ್ಲೈಡ್‌ಗಳನ್ನು ತೆಗೆದು ನೋಡಿ. ಅಂಚಿನಲ್ಲಿ ಗ್ಲಿಸರಿನ್ ಜಿನುಗಿದ್ದರೆ ಒರೆಸಿ, ನೈಲ್ ಪಾಲಿಶ್ ಇನ್ನೊಂದು ಕೋಟ್ ಹಚ್ಚಿ.